ಕೈ ಅಳೆಯುವ ಕಾಕಾ

ನಮ್ಮ ಕಾಕಾ ಯಾರ ಕೈಯನ್ನೂ ಸುಮ್ಮನೆ ಹಿಡಿದವರಲ್ಲ. ನೀವು ದೊಡ್ಡ ಮನಸ್ಸು ಮಾಡಿ ಕುಲುಕಲೆಂದು ಕೈ ಮುಂದೆ ಚಾಚಿದಿರೋ, ಅದನ್ನು ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರಂತೆ ಅಂಗೈ ಒತ್ತಿ, "ಬರ್ರಿ, ಅಳದು ನೋಡೂಣು" ಎನ್ನುತ್ತಿದ್ದರು. ಜ್ಯೋತಿಷಿಗಳು ಕೈ ನೋಡಿ ಮುಂದಿನದನ್ನು ಹೇಳುತ್ತಾರೆ. ಸುಳ್ಳೋ ನಿಜವೋ ದೇವರಿಗೇ ಗೊತ್ತು. ಕಾಕಾ ಹೇಳುತ್ತಿದ್ದುದು ಹಿಂದಿನದನ್ನು. ಅದೂ ದಶಾಂಶ ಬಿಂದುವಿನ ಸಮೇತ!

ಕಾಕಾ ಎಂದರೆ ನನ್ನ ತಂದೆಯ ದೂರದ ತಮ್ಮ. ಗದಗಿನ ಕಡೆಯಿಂದ ನನಗಿಂತ ಎಷ್ಟೋ ವರ್ಷ ಮೊದಲೇ ಮುಂಬಯಿಗೆ ಬಂದು, ಭಾಂಡುಪಿನ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ಟೆಸ್ಟಿಂಗ್ ಟೇಬಲ್ಲಿಗೆ ಗೋಂದು ಹಚ್ಚಿದಂತೆ ಅಂಟಿಕೊಂಡಿದ್ದರು. ನಾನೋ ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ; ಬಿಟ್ಟ ಮೇಲೆ ಒಂದು ದಿನವೂ ಕುಳಿತು ಉಂಡಿಲ್ಲ. ವಡಾಲದ ಹೋಟೆಲಿನಲ್ಲಿ ಮೂರು ವರ್ಷ ಕಪ್ಪು-ಬಶಿ ತೊಳೆಯುತ್ತಿದ್ದವನನ್ನು ಕಾಕಾ ಎಳೆದು ತಂದು, ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸಕ್ಕೆ ಹಚ್ಚಿದರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು.

ನಾನು ಸೇರಿದ ವರ್ಷವೇ ಪರದೇಶದಿಂದ ಆ ಮೀಟರು ಬಂತು; ತಂತಿ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆಂದು ಓಮಿನ ಲೆಕ್ಕದಲ್ಲಿ ಅಳೆಯುವುದು. ಅಲ್ಲಿಯವರೆಗೆ ಇದ್ದವೆಲ್ಲ ಮುಳ್ಳಿನ ಮೀಟರುಗಳು. ಕಾಕಾನಿಗೆ ಮುಳ್ಳಿನ ಮೇಲೆ ಹಳೆಯ ಸಿಟ್ಟು. "ಎಡಕ್ಕ ನಿಂತು ನೋಡಿದವಂಗ ಒಂದು ಹೇಳತೈತಿ, ಬಲಕ್ಕ ನಿಂತವಂಗ ಮತ್ತೊಂದು. ಥೇಟ್ ನಮ್ಮ ಚಾಳಿನ ಸೆಕ್ರೆಟರಿ!" ಹೊಸದು ಹಾಗಲ್ಲ. ಟೇಬಲ್ಲಿನ ಮೇಲೆ ಟ್ರಂಕಿನಂತೆ ಕೂರುತ್ತಿತ್ತು. ಮುಂದೆ ನಾಲ್ಕು ಗಾಜಿನ ಬುರುಡೆ. ಒಳಗೆ ಕೆಂಡದ ಬಣ್ಣದ ಅಂಕಿಗಳು ಉರಿಯುತ್ತಿದ್ದವು. ಎಡಕ್ಕೆ ನಿಲ್ಲಿ, ಬಲಕ್ಕೆ ನಿಲ್ಲಿ, ಬೇಕಾದರೆ ಶೀರ್ಷಾಸನ ಹಾಕಿ, ಅಂಕಿ ಅದೇ! ಕಾಕಾ ಸೋತುಹೋದರು.

ಅದು ಬಿಸಿಯಾಗಿ ಸ್ಥಿರವಾಗಲು ಅರ್ಧ ಗಂಟೆ ಬೇಕಿತ್ತು. ಆ ಅರ್ಧ ಗಂಟೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಒಂದು ಬೆಳಿಗ್ಗೆ ಮ್ಯಾನೇಜರ್ ಸಾಹೇಬರೇ ಗಡಿಬಿಡಿಯಿಂದ ಕಾಯಿಲ್ ಹಿಡಿದು ಬಂದರು. ಕಾಕಾ ಬಾಗಿಲಲ್ಲೇ ಅಡ್ಡ ನಿಂತು ಪಿಸುಗುಟ್ಟಿದರು: "ಸಾಹೇಬ್, ಅಭೀ ಉಠಾ ನಹೀ." ಇನ್ನೂ ಎದ್ದಿಲ್ಲ!

"ಕೌನ್ ನಹೀ ಉಠಾ?"

"ಮೀಟರ್. ಮುಹ್ ಧೋ ರಹಾ ಹೈ."

ಮುಖ ತೊಳೆಯುತ್ತಿರುವ ಮೀಟರಿಗಾಗಿ ಸಾಹೇಬರು ಹೊರಗೆ ನಿಂತು ಒಂದು ಸಿಗರೇಟು ಮುಗಿಸಬೇಕಾಯಿತು!

ಮೀಟರಿಗೆ ಎರಡು ಲೀಡು. ಒಂದು ಕೆಂಪು ವಾಯರ್, ಒಂದು ಕಪ್ಪು ವಾಯರ್, ತುದಿಗೆ ಒಂದೊಂದು ಲೋಹದ ಕಡ್ಡಿ. ಏನನ್ನೇ ಅಳೆಯುವ ಮೊದಲು ಕಾಕಾ ಆ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಅಂಕಿ ನೋಡಿ, ಕಣ್ಣು ಮುಚ್ಚಿ ಏನೋ ಗುನುಗಿಕೊಂಡು, ಆಮೇಲೆ ಕೆಲಸ ಶುರು ಮಾಡುತ್ತಿದ್ದರು. ದೇವರ ಮುಂದೆ ಗಂಟೆ ಬಾರಿಸಿದ ಹಾಗೆ ಇದೂ ಒಂದು ಪೂಜೆ ಎಂದೇ ನಾನು ತಿಳಿದಿದ್ದೆ. ಕೇಳಿದರೆ ಒಂದೇ ಉತ್ತರ: "ಮೊದಲ ನಿಂದು ನೋಡ್ಕೊ, ಆಮ್ಯಾಲ ಮಂದೀದು ಅಳಿ." ನನಗೆ ಇದು ಯಾವುದೋ ಮಠದ ಉಪದೇಶದಂತೆ ಕೇಳಿಸಿತು. ತಲೆಯಾಡಿಸಿ ಕಾಯಿಲ್ ಸುತ್ತಲು ಹೋದೆ. ಕೇಳಿಸಿಕೊಂಡದ್ದೆಲ್ಲ ತಿಳಿದಂತಾದರೆ ನಾನೇಕೆ ಐದಕ್ಕೇ ಶಾಲೆ ಬಿಡುತ್ತಿದ್ದೆ?

ಈ ಉಪದೇಶ ಕಾರ್ಖಾನೆಯ ಗೇಟಿನಲ್ಲಿ ನಿಲ್ಲಲಿಲ್ಲ. ಮನೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕೂ, ಪಕ್ಕದ ಖೋಲಿಯವಳು ನಳದ ಹತ್ತಿರ ಮಾಡಿದ ಜಗಳದ ವರದಿ ಒಪ್ಪಿಸಲು ಬಾಯಿ ತೆರೆದರೆ ಸಾಕು, ಕಾಕಾ ಮಾತಾಡದೆ ಎರಡು ತೋರುಬೆರಳುಗಳ ತುದಿಯನ್ನು ಒಂದಕ್ಕೊಂದು ಮುಟ್ಟಿಸಿ ತೋರಿಸುತ್ತಿದ್ದರು. "ಆ ಬೆರಳು ತಗೊಂಡ ಹೋಗಿ ಒಲ್ಯಾಗ ಇಡ್ರಿ!" ಎಂದು ಕಾಕೂ ಸೌಟು ಎತ್ತುತ್ತಿದ್ದರು. ಒಮ್ಮೆ ಲೋಕಲ್ಲಿನಲ್ಲಿ ಇಬ್ಬರು ಗೃಹಸ್ಥರು ಸೀಟಿಗಾಗಿ ಕಾಲರು ಹಿಡಿದುಕೊಂಡಿದ್ದರು. ಕಾಕಾ ಅವರಿಬ್ಬರ ಮೂಗುಗಳ ನಡುವೆ ತಮ್ಮ ಎರಡು ಬೆರಳು ಜೋಡಿಸಿ ಹಿಡಿದರು. ಇದರಲ್ಲಿ ಅವರಿಗೆ ಯಾವ ಅರ್ಥ ಕಂಡಿತೋ ಏನೋ, ತಕ್ಷಣ ಜಗಳ ಬಿಟ್ಟು, ಅಣ್ಣತಮ್ಮಂದಿರಂತೆ ಒಂದಾಗಿ, ಕಾಕಾನನ್ನು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿಬಿಟ್ಟರು!

"ಶಾಂತಿ ಆತಿಲ್ಲೊ?" ಎಂದು ಕಾಕಾ ಪ್ಲಾಟ್‌ಫಾರ್ಮಿನ ಮೇಲೆ ಚಪ್ಪಲಿ ಹುಡುಕುತ್ತ ನನ್ನನ್ನೇ ಕೇಳಿದರು.

ಇನ್ನು ಕೈಯ ಸಂಗತಿ. ಎರಡು ಕಡ್ಡಿಗಳನ್ನು ಎರಡು ಅಂಗೈಯಲ್ಲಿ ಹಿಡಿದರೆ ಮೀಟರು ಮನುಷ್ಯನನ್ನೂ ಅಳೆಯುತ್ತದೆ ಎಂದು ಕಾಕಾ ಹೇಗೋ ಕಂಡುಹಿಡಿದಿದ್ದರು. ಮೆತ್ತನೆಯ, ಬೆವರಿನ ಕೈಗೆ ಅಂಕಿ ಕಡಿಮೆ. ದಡ್ಡುಗಟ್ಟಿದ ಒಣ ಕೈಗೆ ಹೆಚ್ಚು. ಅಳತೆ ಮೀಟರಿನ ಶಕ್ತಿಯನ್ನೇ ಮೀರಿದರೆ, ಉಳಿದ ಬುರುಡೆಗಳೆಲ್ಲ ಆರಿ, ಎಡಗಡೆಯ ಬುರುಡೆಯ ಒಂದರ ಅಂಕಿ ಮಾತ್ರ ಮಿಣಮಿಣ ಮಿನುಗುತ್ತಿತ್ತು. (ಏನನ್ನೂ ಮುಟ್ಟಿಸದೆ ಲೀಡನ್ನು ಸುಮ್ಮನೆ ಬಿಟ್ಟಿದ್ದರೂ ಹೀಗೇ ಮಿನುಗುತ್ತಿತ್ತು, ಅದು ಬೇರೆ ಮಾತು.) ಇಡೀ ಕಾರ್ಖಾನೆಯಲ್ಲಿ ಕೈಯಿಂದ ಅದನ್ನು ಮಿನುಗಿಸಿದವನು ಒಬ್ಬನೇ, ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಮಾಥಾಡಿ. ಕಾಕಾ ಅವನಿಗೆ ಕೈಮುಗಿದು ಚಹಾ ಕುಡಿಸಿದ್ದರು. ಮ್ಯಾನೇಜರ್ ಸಾಹೇಬರದು ನೂರಾ ಎಂಬತ್ತು, ಕೈಗಳ ಲೆಕ್ಕವೆಲ್ಲ ಸಾವಿರ ಓಮಿನಲ್ಲಿ.

ನಾನು ಹೆಮ್ಮೆಯಿಂದ ಎದೆಯುಬ್ಬಿಸಿ ಕಡ್ಡಿ ಹಿಡಿದೆ. ಇನ್ನೂರಾ ಹತ್ತು!

"ಏನಪಾ ತಮ್ಮಾ, ಸಾಹೇಬರಗಿಂತ ಮೂವತ್ತ ಹೆಚ್ಚು. ಪೆನ್ಸಿಲ್ ಹಿಡಿಯೂ ಕೈ ನೋಡು ನಿಂದು!"

ಪೆನ್ಸಿಲ್ಲನ್ನು ಬಿಟ್ಟೋಡಿ ಬಂದವನಿಗೆ ಈ ಮಾತೇ! ಮೂರು ವರ್ಷ ಸೋಡಾ ನೀರಿನಲ್ಲಿ ನೆನೆದ ಕೈ, ಮೆತ್ತಗಾಗದೆ ಏನಾದೀತು ಎಂದು ನಾನು ಕೂಗಾಡಿದೆ. "ಮೀಟರಿಗೆ ನಿನ್ನ ಕತಿ ಬೇಕಾಗಿಲ್ಲೋ" ಎಂದರು ಕಾಕಾ. ಅಂದೇ ಶಪಥ ಮಾಡಿದೆ: ಒಂದು ದಿನ ಈ ಕೈಯಿಂದ ಆ ಒಂದನ್ನು ಮಿನುಗಿಸಿಯೇ ತೀರುತ್ತೇನೆ. ಪ್ರತಿ ವರ್ಷ ಖಂಡೇನವಮಿಯ ದಿನ, ಯಂತ್ರಗಳಿಗೆ ಪೂಜೆಯಾದ ಮೇಲೆ, ಕಾಕಾ ನನ್ನ ಕೈ ಅಳೆಯುತ್ತಿದ್ದರು. ನಾನೂರು ಆಯಿತು, ಏಳುನೂರು ಆಯಿತು. "ಇನ್ನೂ ಮೀಟರಿನ ಒಳಗ ಅದೀ ತಮ್ಮಾ" ಎನ್ನುತ್ತಿದ್ದರು.

ಮೀಟರಿನ ಜೊತೆ ಬಂದ ಲೀಡುಗಳು ಗಿಡ್ಡ. ಕೆಲಸ ಬಿಟ್ಟು ಟೇಬಲ್ಲಿನ ತನಕ ಬರಲು ಜನ ಒಲ್ಲೆ ಎಂದರು. ಸರಿ, ಕಾಕಾ ಸ್ಟೋರಿನ ತೆಳುವಾದ ವಾಯರ್ ತೆಗೆದು ಹತ್ತು ಹತ್ತು ಮೊಳದ ಹೊಸ ಲೀಡು ಮಾಡಿದರು! ಮೀಟರು ಇದ್ದಲ್ಲೇ ಇರುತ್ತಿತ್ತು; ಕಾಕಾ ವಾಯರ್ ಎಳೆಯುತ್ತ, ಹಸುವಿನ ಹಗ್ಗ ಹಿಡಿದವರಂತೆ, ಲೇಥಿನವನ ಹತ್ತಿರ ಹೋಗಿ ಅವನ ಕೈ ಅಳೆದು ಬರುತ್ತಿದ್ದರು.

ಇದೇ ನನ್ನ ಕುತ್ತಿಗೆಗೆ ಬಂತು.

ನಾನು ಪರ್ಮನೆಂಟ್ ಆಗುವ ಮಾತು ನಡೆದಿದ್ದ ವಾರ. ಕಾಕಾ ಹಲ್ಲು ಕೀಳಿಸಲು ಎರಡು ದಿನ ರಜೆ ಹಾಕಿದ್ದರು. ಮಾಲು ಕೊಳ್ಳುವ ಕಂಪನಿಯಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದು ಮೀಟರಿನ ಮುಂದೆ ತಾನೇ ಕುಳಿತ. ನಾನು ಸುತ್ತಿದ ನಲವತ್ತು ಕಾಯಿಲ್. ಒಂದೊಂದೂ ಎರಡು ಪಾಯಿಂಟ್ ನಾಲ್ಕು ಓಮು ಇರಬೇಕು. ಎರಡು ಪಾಯಿಂಟ್ ಆರರವರೆಗೆ ನಡೆದೀತು. ಮೀಟರು ಹೇಳಿದ್ದು ಮೂರು ಪಾಯಿಂಟ್ ಒಂದು! ನಲವತ್ತಕ್ಕೂ ಹಾಗೇ. ತಂತಿ ತೆಳುವಾದಷ್ಟೂ ಓಮು ಹೆಚ್ಚು. ಅಂದರೆ ನಾನು ತೆಳು ತಂತಿ ಸುತ್ತಿದ್ದೇನೆ.

"ಮೋಟಾ ತಾರ್ ಕಹಾ ಗಯಾ?" ಎಂದರು ಮ್ಯಾನೇಜರ್.

ದಪ್ಪ ತಂತಿ ಎಲ್ಲಿ ಹೋಯಿತು? ತಾಮ್ರದ ಕಾರ್ಖಾನೆಯಲ್ಲಿ ಆ ಪ್ರಶ್ನೆಗೆ ಒಂದೇ ಅರ್ಥ: ಕಳ್ಳ. ಆ ಹೊತ್ತಿನಲ್ಲಿ ನನ್ನ ಕೈ ಅಳೆದಿದ್ದರೆ ಬೆವರಿಗೆ ಮೂರೇ ಓಮು ಬರುತ್ತಿತ್ತೋ ಏನೋ! ಕೆಲಸ ಹೋದರೆ ಹೋಗಲಿ, ಮತ್ತೆ ಕಪ್ಪು ತೊಳೆದೇನು. ಕಳ್ಳ ಎನ್ನಿಸಿಕೊಂಡು ಕಾಕೂನ ಮನೆಯ ಹೊಸ್ತಿಲು ಹೇಗೆ ದಾಟಲಿ?

ಮರುದಿನ ಬೆಳಿಗ್ಗೆ ಕಾಕಾ ಬಂದರು. ಒಂದು ಗಲ್ಲ ತೆಂಗಿನಕಾಯಿಯಾಗಿತ್ತು, ಬಾಯಲ್ಲಿ ಹತ್ತಿ. ಮೀಟರು ಮುಖ ತೊಳೆಯುವವರೆಗೆ ಎಲ್ಲರನ್ನೂ ನಿಲ್ಲಿಸಿದರು. ಅಂಥ ಹೊತ್ತಿನಲ್ಲೂ! ಆಮೇಲೆ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರು. ಕಾಯಿಲ್ ಇಲ್ಲ, ಕೈ ಇಲ್ಲ, ಏನೂ ಇಲ್ಲ. ಮೀಟರಿನಲ್ಲಿ ಸೊನ್ನೆ ಪಾಯಿಂಟ್ ಏಳು.

ಅದು ಬರೀ ವಾಯರಿನ ಪಾಲು! ಮೂರು ಪಾಯಿಂಟ್ ಒಂದರಲ್ಲಿ ಅದನ್ನು ಕಳೆದರೆ ಎರಡು ಪಾಯಿಂಟ್ ನಾಲ್ಕು. ಇಷ್ಟು ದಿನ ಕಾಕಾ ಕಣ್ಣು ಮುಚ್ಚಿ ಗುನುಗುತ್ತಿದ್ದುದು ಮಂತ್ರವಲ್ಲ, ವಜಾಬಾಕಿ, ಕಳೆಯುವ ಲೆಕ್ಕ. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

"ಇತನಾ ಲಂಬಾ ತಾರ್ ಕಿಸನೇ ಲಗಾಯಾ?" ಸಾಹೇಬರ ದನಿ ಏರಿತು. ಇಷ್ಟುದ್ದ ವಾಯರ್ ಹಾಕಿದವರು ಯಾರು?

ಕಾಕಾ ಬಾಯಿಂದ ಹತ್ತಿ ತೆಗೆದರು. ಕಂಪನಿಯಿಂದಲೇ ಹೀಗೆ ಬಂತು ಎಂದು ಒಂದು ಸುಳ್ಳು ಹೇಳಿದ್ದರೆ ಕೇಳುವವರಿರಲಿಲ್ಲ.

"ಮೈನೇ, ಸಾಹೇಬ್. ಲೋಗೋ ಕಾ ಹಾಥ್ ನಾಪನೇ ಕೇ ಲಿಯೇ." ಜನರ ಕೈ ಅಳೆಯಲಿಕ್ಕೆ! ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ತಪ್ಪು ನಿಂದಲ್ಲ, ಮೀಟರಿಂದೂ ಅಲ್ಲ. ನಂದು."

ಯಾರೂ ನಗಲಿಲ್ಲ. ನಾನು ಪರ್ಮನೆಂಟ್ ಆದೆ. ಕಾಕಾನನ್ನು ಮೀಟರಿನಿಂದ ಎಬ್ಬಿಸಿ ಒಂದು ತಿಂಗಳು ಸ್ಟೋರಿನಲ್ಲಿ ಸ್ಕ್ರೂ ಎಣಿಸಲು ಕೂಡಿಸಿದರು. ಮರಳಿ ಬಂದ ಮೇಲೂ ಕೈ ಅಳೆಯುವುದಕ್ಕೆ ಖಡಕ್ ನಿಷೇಧ. ಖಂಡೇನವಮಿಗಳು ಬಂದವು, ಹೋದವು. ನನ್ನ ಕೈ ಏಳುನೂರಕ್ಕೇ ನಿಂತಿತು. ಕಾಕಾ ದೂರದಿಂದಲೇ ನನ್ನ ಅಂಗೈ ನೋಡಿ, ಬಾಯಿ ಚಪ್ಪರಿಸುತ್ತಿದ್ದರು.

ಕಾಕಾ ರಿಟೈರ್ ಆದ ದಿನ ಹಾರ ಬಂತು, ಪೇಢೆ ಬಂತು, ಸಾಹೇಬರ ಭಾಷಣವೂ ಬಂತು. ಎಲ್ಲರೂ ಚದುರಿದ ಮೇಲೆ ಕಾಕಾ ಕೊರಳ ಹಾರದ ಸಮೇತ ನನ್ನನ್ನು ಮೀಟರಿನ ಹತ್ತಿರ ಕರೆದರು. ಆ ಹೊತ್ತಿಗೆ ಅದೂ ಮುದಿಯಾಗಿತ್ತು. ಕೋಟಿನ ಕಿಸೆಯಿಂದ ಸುತ್ತಿಟ್ಟ ಹತ್ತು ಮೊಳದ ಲೀಡುಗಳನ್ನು ತೆಗೆದರು. ಇಷ್ಟು ವರ್ಷ ಎಲ್ಲಿ ಅಡಗಿಸಿಟ್ಟಿದ್ದರೋ!

"ಹಿಡಿ."

ಹಿಡಿದೆ. ಕಾಕಾ ಮೀಟರಿನ ಪಕ್ಕ ಬಗ್ಗಿ ಏನೋ ಸರಿಮಾಡಿದರು. ಬುರುಡೆಗಳು ಆರಿದವು. ಎಡಗಡೆಯ ಒಂದು ಮಾತ್ರ, ಕೆಂಡದ ಬಣ್ಣದಲ್ಲಿ, ಮಿಣಮಿಣ.

"ಹೊರಗ ಬಿದ್ದಿ ತಮ್ಮಾ. ಈ ಮೀಟರಿಗೆ ನಿನ್ನ ಕೈ ಅಳಿಯೂದು ಆಗೂದಿಲ್ಲ."

ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳ ಗತಿ ಅವಕ್ಕೇ ಗೊತ್ತು. ಖುಷಿಯಲ್ಲಿ ಲೀಡು ಸುತ್ತುತ್ತ ಮೀಟರಿನ ತನಕ ಬಂದೆ. ಕಪ್ಪು ವಾಯರಿನ ಬುಡ ಮೀಟರಿನಲ್ಲಿತ್ತು. ಕೆಂಪಿನ ಬುಡ ತೂತಿನಲ್ಲಿ ಇರಲಿಲ್ಲ. ಪಕ್ಕದಲ್ಲಿ, ಟೇಬಲ್ಲಿನ ಮೇಲೆ, ಸುಮ್ಮನೆ ಮಲಗಿತ್ತು.

ಬದುಕಿಡೀ ಕೊನೆಯ ಅಂಕಿ ನಿಲ್ಲುವವರೆಗೆ ಕಾದು ಬರೆದ ಮನುಷ್ಯ! ಸಾಹೇಬರ ಮುಂದೆ ತಮ್ಮನ್ನು ಉಳಿಸಿಕೊಳ್ಳಲು ಒಂದು ಸುಳ್ಳೂ ಹೇಳದವರು!

ನಾನು ತಲೆಯೆತ್ತಿ ಏನೋ ಹೇಳಲು ಹೋದೆ. ಅಷ್ಟರಲ್ಲಿ ಕಾಕಾ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ತಿರುಗಿಸಲಿಲ್ಲ, ಒತ್ತಿ ನೋಡಲಿಲ್ಲ. ಸುಮ್ಮನೆ ಹಿಡಿದರು, ಬಹಳ ಹೊತ್ತು.

ಎಷ್ಟು ಬಂತೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.