ಭಜನೆಯ ಸಾಲಿನಲ್ಲಿ ನನ್ನ ಜಾಗ

ಪಿಎಚ್‌ಡಿ ಮಾಡುವವನಿಗೆ ಎರಡು ಪ್ರಶ್ನೆ ಕೇಳಬಾರದು: ಯಾವಾಗ ಮುಗಿಯುತ್ತದೆ, ಮುಗಿದರೆ ಏನಾಗುತ್ತದೆ. ಮಸ್ಕಿಯ ಬಸ್ ನಿಲ್ದಾಣದ ಚಹಾದಂಗಡಿಯವನಿಂದ ಹಿಡಿದು ನನ್ನ ಹಲ್ಲು ಕಿತ್ತ ವೈದ್ಯರವರೆಗೆ ಎಲ್ಲರೂ ನನ್ನನ್ನು ಇವೆರಡನ್ನೂ ಕೇಳಿದ್ದಾರೆ. ವೈದ್ಯರು ನನ್ನ ಬಾಯೊಳಗೆ ಇಕ್ಕಳ ಇಟ್ಟುಕೊಂಡೇ ಕೇಳಿದ್ದರಿಂದ ಅವರೊಬ್ಬರಿಗೆ ಉತ್ತರ ಕೊಡುವುದು ತಪ್ಪಿತು. ಇದು ಆರನೆಯ ವರ್ಷ. ನನ್ನದು ತತ್ತ್ವಶಾಸ್ತ್ರ; ವಿಷಯ ಪ್ರಾಚೀನ ಚಿಂತನೆಯಲ್ಲಿ ಸಂಗೀತ ಮತ್ತು ಒಳಗೊಳ್ಳುವಿಕೆ. ಹಾಡುವ ಅಧಿಕಾರ ಯಾರಿಗಿತ್ತು, ಯಾರನ್ನು ಹೊರಗೆ ಕೂರಿಸಿದರು, ಯಾರನ್ನು ಒಳಗೆ ಕರೆದರು ಎಂಬ ವಿಚಾರ. ಈಗೀಗ ಆ ಶೀರ್ಷಿಕೆ ಓದಿದರೆ ನನಗೇ ಆಕಳಿಕೆ ಬರುತ್ತದೆ. ವಾರಕ್ಕೆ ನಾಲ್ಕು ದಿನ ಲಿಂಗಸುಗೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಉಳಿದ ಮೂರು ದಿನ ನನ್ನ ಮನೆಯಲ್ಲೇ ಅತಿಥಿ.

ಅವ್ವನ ಹಾಡಿಗೆ ದನಿಗೂಡಿಸುತ್ತಿದ್ದ ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಮನೆಯಲ್ಲಿರುವುದು ನಾನು ಮತ್ತು ಅವ್ವ. ಅವ್ವ ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟು ನಿವೃತ್ತಳಾದವಳು. ಬೆಳಿಗ್ಗೆ ಬುದ್ಧನ ಮುಂದೆ ದೀಪ ಹಚ್ಚಿ ವಂದನೆ ಹೇಳಿದರೆ, ಅದೇ ಉಸಿರಿನಲ್ಲಿ ರೊಟ್ಟಿ ಬಡಿಯುತ್ತ ತವರಿನ ಪದಗಳನ್ನು ಎತ್ತಿಕೊಳ್ಳುತ್ತಿದ್ದಳು. ಹಾಡು ಒಂದು ದಾರಿ, ಇವಳ ದನಿ ಇನ್ನೊಂದು ದಾರಿ ಎಂದು ನನಗೆ ಚಿಕ್ಕಂದಿನಿಂದಲೂ ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ, ಯಾರ ದನಿಯನ್ನೂ ಅಡಗಿಸಬಾರದು ಎಂಬ ವಾಕ್ಯಕ್ಕೆ ತಕ್ಕ ಕ್ರಿಯಾಪದ ಸಿಗದೆ ಒದ್ದಾಡುತ್ತಿದ್ದಾಗ ತಡೆಯಲಾಗಲಿಲ್ಲ.

“ಯವ್ವಾ, ಸುಮ್ಮನಿರಬೇ ಸ್ವಲ್ಪ! ಬರಿಯಾಕತ್ತೀನಿ ಇಲ್ಲಿ.”

“ಆತಪಾ” ಎಂದಳು.

ಅಂದಿನಿಂದ ಅಡುಗೆಮನೆಯಲ್ಲಿ ರೊಟ್ಟಿಯ ಸದ್ದೊಂದೇ ಉಳಿಯಿತು. ವಾರ ಕಳೆದ ಮೇಲೆ, “ಹಾಡಬೇ, ನನಗೇನೂ ತ್ರಾಸಿಲ್ಲ” ಎಂದೆ. “ನೆನಪ ಹಾರ್‍ಯಾವೋ” ಎಂದು ಹಿಟ್ಟು ನಾದುವುದಕ್ಕೆ ತಿರುಗಿದಳು. ಹೀಗೆ ಆರು ತಿಂಗಳು. ತಪ್ಪು ನನ್ನದೆಂದು ಗೊತ್ತಿತ್ತು, ಆ ಮೌನ ಚುಚ್ಚುತ್ತಲೂ ಇತ್ತು. ಆದರೆ ಪ್ರಬಂಧ ಮುಗಿಸಿ ಕ್ಷಮೆ ಕೇಳೋಣ ಎಂದು ಅದನ್ನೂ ಮುಂದಕ್ಕೆ ಹಾಕಿದೆ.

ಈ ನಡುವೆ ನನ್ನ ಗೈಡು, ಪುಸ್ತಕದ ಮಾತು ಸಾಕು, ಒಂದು ಜೀವಂತ ಉದಾಹರಣೆ ತಾ ಎಂದರು. ಹಾಗಾಗಿ ಸೋಮವಾರ ಸಂಜೆ ಶೇರ್ ಆಟೋದಲ್ಲಿ ಮೊಣಕಾಲನ್ನು ಗಂಟಲಿಗೆ ಆನಿಸಿಕೊಂಡು ಸಂತೆಕಲ್ಲೂರಿಗೆ ಹೋಗತೊಡಗಿದೆ. ಅಲ್ಲಿ ಗುಡಿಯ ಕಟ್ಟೆಯ ಮೇಲೆ ಒಂದು ಸಾಲು ಜನ ಕುಳಿತು ತತ್ವಪದ ಹಾಡುತ್ತಾರೆ. ಕುರಿ ಕಾಯುವ ಅಮರಪ್ಪ ಸೊಲ್ಲು ಎತ್ತಿದರೆ ಉಳಿದವರು ತಿರುಗಿ ಹೇಳುತ್ತಾರೆ. ಮೊದಲ ದಿನವೇ ಅವನು ನನ್ನಿಂದ ಒಂದು ಸೊಲ್ಲು ಹೇಳಿಸಿ, ರಟ್ಟೆ ಹಿಡಿದು ಸಾಲಿನ ನಟ್ಟನಡುವೆ ಕೂಡಿಸಿದ. ನಾನು ವಿನಯದಿಂದ, ಅಂಚಿಗೇ ಇರುತ್ತೇನೆ ಎಂದೆ.

“ಛೇ, ಬ್ಯಾಡ್ರೀ ಮಾಸ್ತರ. ಬರೋಬ್ಬರಿ ನಿಮ್ಮ ಜಾಗಾ ಇದು.”

ಆರು ವರ್ಷದಲ್ಲಿ ಯಾರೂ ನನಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಜ್ಞಾನಾರ್ಥಿಗೆ ಮಧ್ಯಸ್ಥಾನ ನೀಡಿ ಗೌರವಿಸುವ ಜಾನಪದ ಪದ್ಧತಿಯ ಬಗ್ಗೆ ಹನ್ನೊಂದು ಪುಟ ಬರೆದೆ, ಸಿಂಧನೂರಿಗೆ ಹೋಗಿ ಟೈಪ್ ಮಾಡಿಸಿ ಬೈಂಡ್ ಹಾಕಿಸಿದೆ. ಗೈಡು ಅಂಚಿನಲ್ಲಿ “ಗಮನಾರ್ಹ” ಎಂದು ಗೀಚಿದರು. ಆ ಪುಟವನ್ನು ಎಷ್ಟು ಸಲ ತೆಗೆದು ನೋಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ.

ಹೋದ ಸೋಮವಾರ ಚಪ್ಪಲಿ ಮೆಟ್ಟುತ್ತಿದ್ದಾಗ ಅವ್ವ, “ನಾನೂ ಬರ್ಲೇನು?” ಎಂದಳು. ಇವಳು ಅಲ್ಲಿ ಬಾಯಿ ತೆರೆದರೆ ನನ್ನ ಮಧ್ಯಸ್ಥಾನದ ಗತಿಯೇನು? ಆದರೂ ಆರು ತಿಂಗಳ ಋಣ ತೀರಲಿ ಎಂದು ಕರೆದೊಯ್ದೆ. ಅಮರಪ್ಪ ಅವಳಿಂದಲೂ ಒಂದು ಸೊಲ್ಲು ಹೇಳಿಸಿದ. ಕೇಳಿ, ಎದ್ದು, ಅವಳನ್ನು ಸಾಲಿನ ಕಟ್ಟಕಡೆಗೆ, ಚಪ್ಪಲಿಗಳ ಪಕ್ಕ ಕೂಡಿಸಿದ.

ಆರು ವರ್ಷ ಓದಿದ್ದೆಲ್ಲ ನೆತ್ತಿಗೇರಿತು. “ನಮ್ಮವ್ವನ್ನ ಯಾಕ ಅಂಚಿಗೆ ಕೂಡಿಸಿದ್ರಿ? ಹೆಣ್ಮಗಳಂತನೋ, ಬ್ಯಾರೆ ಮಂದಿ ಅಂತನೋ?” ಎಂದು ಎದ್ದು ನಿಂತೆ. ಪ್ರಾಚೀನ ಕಾಲದಿಂದ ಆರಂಭಿಸಿ ಸಾಕಷ್ಟು ಮಾತಾಡಿದೆ. ಅಮರಪ್ಪ ಕೊನೆಯವರೆಗೂ ಕೇಳಿದ. ಕುರಿ ಕಾಯುವವರಿಗೆ ತಾಳ್ಮೆ ಜಾಸ್ತಿ.

“ಏನ್ ಮಾತಂತ ಆಡ್ತೀರ್‍ರೀ ಮಾಸ್ತರ! ಸುರ ಬಲ್ಲವರನ್ನ ನಾವು ತುದಿಗೇ ಕೂಡಸ್ತೀವಿ. ಎರಡೂ ಕಡಿಂದ ಅವರು ಗಟ್ಟಿ ಹಿಡದ್ರ, ನಡುವಿನವರು ಜಾರಂಗಿಲ್ಲ. ನಿಮ್ಮವ್ವಾರದು ಖರೇ ಕಂಚಿನ ದನಿ. ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ರಿ?”

“ಹಂಗಾರ ನಾನು?”

ಅಮರಪ್ಪ ಗಡ್ಡ ಕೆರೆದುಕೊಂಡ. “ನೀವು ತಪ್ಪದಂಗ ಬರ್ತೀರಲ್ರೀ. ಅದೇನು ಕಡಿಮೀನಾ?”

ನನ್ನ ಪಕ್ಕದ ಮುದುಕರು ತೊಡೆ ತಟ್ಟಿ, “ನಾ ಇಪ್ಪತ್ತು ವರ್ಷ ಆತು ಇಲ್ಲೇ ಕುಂತು. ಆರಾಮ ಐತಿ, ಕುಂದುರ್‍ರಿ” ಎಂದರು.

ಕುಳಿತೆ. ಸೊಲ್ಲು ಎದ್ದಿತು. ಸುರ ನನಗೆ ತಿಳಿಯದು, ಈಗ ಒಪ್ಪಿಕೊಂಡಿದ್ದೇನೆ. ಆದರೆ ಸಾಲಿಗೆ ಸಾಲೇ ಅವ್ವನ ಕಡೆ ವಾಲಿದ್ದು ಕಣ್ಣಿಗೆ ಕಂಡಿತು. ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಜೀವಮಾನವಿಡೀ ದಾರಿ ತಪ್ಪಿದ್ದು ನನ್ನ ಕಿವಿ, ಬೈಸಿಕೊಂಡು ಸುಮ್ಮನಾದವಳು ಅವಳು. ನನಗೆ ಅಳು ಬಂತು. ತಪ್ಪು ಸುರದಲ್ಲಿ ಗಟ್ಟಿಯಾಗಿ ಹಾಡಿ ಅದನ್ನು ನುಂಗಿಕೊಂಡೆ.

ಮರಳುವಾಗ ಆಟೋದಲ್ಲಿ ಹೇಳಿದೆ: “ತಪ್ಪಾತಬೇ. ನನ್ನ ಕಿವೀನ ಸರಿ ಇಲ್ಲ. ನಾಳಿಂದ ಮನಿಯಾಗ ಹಾಡು. ಬೇಕಾದ್ರ ನಾನೂ ದನಿಗೂಡಸ್ತೀನಿ.”

ಅವ್ವ ಸೆರಗು ಸರಿಪಡಿಸಿಕೊಂಡಳು.

“ಹಾಡ್ತೀನಿ. ನೀ ಮಾತ್ರ ಬ್ಯಾಡಪಾ. ಈ ಕಡಿಂದ ನಾ ಹಿಡೀತೀನಿ ಖರೆ, ಆ ಕಡಿಗೆ ನಿಮ್ಮಪ್ಪ ಎಲ್ಲದಾನ?”

ಮರುದಿನ ರೊಟ್ಟಿಯ ಸದ್ದಿನೊಡನೆ ಹಾಡು ಬಂತು. ಒಳಗೊಳ್ಳುವಿಕೆಯ ಮೇಲೆ ಆರು ವರ್ಷ ದುಡಿದ ನಾನು ಅಡುಗೆಮನೆಯ ಹೊಸ್ತಿಲ ಹೊರಗೆ ಬಾಯಿ ಮುಚ್ಚಿಕೊಂಡು ಕುಳಿತು ಪೂರ್ತಿ ಕೇಳಿದೆ.