ಎಲ್ಲರಿಗೂ ಹೋದ ಉತ್ತರ

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ, ಹೇಳಿದ್ದನ್ನೇ ಎರಡು ಸಲ ಹೇಳಬಹುದು. ಆದರೆ ನಮ್ಮ ತಾಳಮದ್ದಳೆ ಸಂಘದ ಇ-ಮೇಲ್ ಗುಂಪಿನಲ್ಲಿ ವಾರಕ್ಕೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಗುಂಪು ನೋಡಿಕೊಳ್ಳುವವನು ನಾನು. ಈಗ ಮಾವನ ಮನೆಯ ಒಳಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲು ಹಾಕಿಕೊಂಡಿದ್ದೇನೆ, ಕಾರಣ ಕೊನೆಗೆ ಹೇಳುತ್ತೇನೆ.

೧. ಊಟದ ಪ್ರಶ್ನೆ

ಗುಂಪು ಎಂದರೆ, ಒಂದು ವಿಳಾಸಕ್ಕೆ ಬರೆದರೆ ಮಂಜೇಶ್ವರದವರಿಗೂ ದುಬೈಯವರಿಗೂ ಒಟ್ಟಿಗೆ ತಲುಪುತ್ತದೆ. ಉತ್ತರ ಕೊಟ್ಟರೆ ಅದೂ ಎಲ್ಲರಿಗೆ. ನಾನು ಇಟ್ಟ ಸೆಟ್ಟಿಂಗ್ ಹಾಗೆ. ಒಮ್ಮೆ ಕಾರ್ಯದರ್ಶಿ ಎಡನೀರಿನ ಕೂಟದ ದಿನ ತಿಳಿಸಿದರು. ಒಬ್ಬರು "ಬರುತ್ತೇನೆ" ಎಂದರು, ಹಿಂದಿನಿಂದ ಮೂವತ್ತು ಜನ "ನಾನೂ" ಎಂದರು. ಒಬ್ಬರು "ಊಟ ಉಂಟಾ?" ಎಂದು ಕೇಳಿದರು. ದುಬೈಯಿಂದ ಒಬ್ಬ ಸದಸ್ಯ ಬರೆದ: "ಮಾರಾಯ್ರೇ, ಇಲ್ಲಿ ನಾನು ಒಣ ಕುಬ್ಬೂಸ್ ರೊಟ್ಟಿ ತಿನ್ನುತ್ತಾ ನಿಮ್ಮ ಪಾಯಸದ ಚರ್ಚೆ ಎಷ್ಟು ಓದುವುದು?" ಅದಕ್ಕೆ ಉತ್ತರ ಬಂತು, ಎಲ್ಲರಿಗೂ: "ಪಾಯಸ ಉಂಟೆಂದು ಯಾರು ಹೇಳಿದ್ದು?"

೨. ರಜೆಯವನ ವಾದ

ತಾಳಮದ್ದಳೆಯಲ್ಲಿ ಯಕ್ಷಗಾನದ ಹಾಗೆ ವೇಷವಿಲ್ಲ, ಕೂತು ಪಾತ್ರದ ಮಾತಾಡುವುದು ಮಾತ್ರ, ಅದಕ್ಕೆ ಅರ್ಥ ಹೇಳುವುದು ಎನ್ನುತ್ತೇವೆ. ಎದುರಿನವರ ಮಾತಿಗೆ ಉತ್ತರ ಕೊಡದಿದ್ದರೆ ಸೋತ ಹಾಗೆ. ನಮ್ಮಲ್ಲಿ ಹಿರಿಯ ಅರ್ಥಧಾರಿಯೊಬ್ಬರಿದ್ದಾರೆ, ನಿವೃತ್ತ ಮೇಷ್ಟ್ರು. ಅದೇ ದುಬೈಯವನು ಊರಿಗೆ ಹೊರಡುವಾಗ, ಯಾರು ಬರೆದರೂ "ರಜೆಯಲ್ಲಿದ್ದೇನೆ, ಮರಳಿ ಬಂದು ಉತ್ತರಿಸುತ್ತೇನೆ" ಎಂದು ತಾನಾಗಿ ಹೋಗುವಂತೆ ಇಟ್ಟಿದ್ದ. ಮೇಷ್ಟ್ರು ಧರ್ಮದ ಬಗ್ಗೆ ಎರಡು ಪುಟ ಬರೆದರು.

"ರಜೆಯಲ್ಲಿದ್ದೇನೆ."

"ಧರ್ಮಕ್ಕೆ ರಜೆ ಉಂಟೋ?"

"ರಜೆಯಲ್ಲಿದ್ದೇನೆ."

"ಹಾಗಾದರೆ ಈಗ ಮಾತಾಡುತ್ತಿರುವುದು ಯಾರು?"

"ರಜೆಯಲ್ಲಿದ್ದೇನೆ."

ಎರಡು ದಿನ ನಡೆಯಿತು. ಕೊನೆಗೆ ಫೋನ್ ಮಾಡಿ, "ಮೇಷ್ಟ್ರೇ, ಅದು ಯಂತ್ರ" ಎಂದೆ. ಅವರು ಹೇಳಿದರು: "ಯಂತ್ರವಾದರೆ ಎಂತ? ಹಿಡಿದ ಮಾತು ಬಿಡಲಿಲ್ಲ ನೋಡಿ. ನಮ್ಮವರು ಕಲಿಯಬೇಕು."

೩. ನನ್ನದು

ಇಷ್ಟಾದ ಮೇಲೆ ಸೆಟ್ಟಿಂಗ್ ಬದಲಿಸಿದೆ. ಉತ್ತರವು ಮೊದಲು ಪತ್ರ ಬರೆದವರಿಗೆ ಮಾತ್ರ ಹೋಗಬೇಕು, ಎಲ್ಲರಿಗೂ ಅಲ್ಲ. ಕೂಡಲೇ ಒಬ್ಬರ ದೂರು: "ಎಂತ, ಗುಂಪು ಸತ್ತಿತಾ? ನಾನು ವಾದದಲ್ಲಿ ಗೆದ್ದದ್ದು ಯಾರಿಗೂ ಗೊತ್ತೇ ಆಗಲಿಲ್ಲವಲ್ಲ!" ಮೊನ್ನೆ ಬೆಳಿಗ್ಗೆ ಪುನಃ ಎಲ್ಲರಿಗೂ ಹೋಗುವಂತೆ ಮಾಡಿದೆ. ಬೆಳಿಗ್ಗೆ ಬದಲಿಸಿದ್ದು ನಾನೇ, ಸಂಜೆಗೆ ಮರೆತದ್ದೂ ನಾನೇ.

ಸಂಜೆ ಕಾರ್ಯದರ್ಶಿ, ಸಂಧಾನಕ್ಕೆ ಹೋಗುವ ದೂತನ ಅರ್ಥ ಯಾರು ಹೇಳುವುದೆಂದು ಕೇಳಿದ್ದರು. ಅವರಿಗೆ ಮಾತ್ರ ಎಂದುಕೊಂಡು ಬರೆದೆ: "ದಯವಿಟ್ಟು ನನ್ನ ಮಾವನಿಗೆ ಕೊಡಬೇಡಿ. ಅವರು ಸಂಧಾನಕ್ಕೆ ಹೊರಟರೆ ಪದ ಹಾಡುವ ಭಾಗವತರೇ ತೂಕಡಿಸುತ್ತಾರೆ. ಮಾತಿಲ್ಲದ ಪಾತ್ರ ಇದ್ದರೆ ನೋಡಿ."

ಮಾವ ನಮ್ಮ ಸಂಘದ ಅಧ್ಯಕ್ಷರು. ಆ ಪಾತ್ರಕ್ಕೆ ಆರು ತಿಂಗಳಿಂದ ತಯಾರಾಗುತ್ತಿದ್ದಾರೆ.

ದುಬೈಯವನು "ಹ ಹ, ಸತ್ಯ!" ಎಂದು ಎಲ್ಲರಿಗೂ ಬರೆದ, ಕೆಳಗೆ ನನ್ನ ಪತ್ರ ಪೂರ್ತಿ. ಕಾರ್ಯದರ್ಶಿ "ಈ ವಿಷಯ ಯಾರೂ ಚರ್ಚಿಸಬೇಡಿ" ಎಂದು ಬರೆದರು. ಅದರ ಕೆಳಗೂ ನನ್ನ ಪತ್ರ.

ಮಾವನಿಗೆ ಕಂಪ್ಯೂಟರ್ ಬಾರದು ಎಂಬುದೊಂದೇ ಧೈರ್ಯವಿತ್ತು. ಆದರೆ ಪ್ರತಿ ಭಾನುವಾರ ಪೇಟೆಯ ಇಂಟರ್ನೆಟ್ ಅಂಗಡಿಯವರು ಗುಂಪಿನ ಪತ್ರಗಳನ್ನೆಲ್ಲ ಪ್ರಿಂಟ್ ತೆಗೆದು ಅವರಿಗೆ ಕೊಡುತ್ತಾರೆ. ಇವತ್ತು ಭಾನುವಾರ. ಬೆಳಿಗ್ಗೆಯೇ ಓಡಿದೆ. "ಆಗಲೇ ಕೊಟ್ಟಾಯ್ತು ಮಾರಾಯ್ರೇ," ಎಂದರು ಅಂಗಡಿಯವರು, "ಅಳಿಯನದ್ದಲ್ಲವಾ ಅಂತ ನಿಮ್ಮದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ."

ಅಲ್ಲಿಂದ ನೇರ ಇಲ್ಲಿಗೆ ಬಂದೆ. ಈಗ ಮಾವ ಚಾವಡಿಯಲ್ಲಿ ಕಾಗದ ಹಿಡಿದು ಕೂತಿದ್ದಾರೆ, ಜೊತೆಗೆ ಸಂಘದ ಮೂವರು. ಇನ್ನೂ ಓದಿದಂತಿಲ್ಲ, ನಗು ಕೇಳಿಸುತ್ತಿದೆ. ತಪ್ಪು ನನ್ನದಲ್ಲ, ಸೆಟ್ಟಿಂಗಿನದ್ದು. ನಿಮಗಾದರೂ ಸರಿಯಾಗಿ ವಿವರಿಸುತ್ತೇನೆ. ಉತ್ತರದ ಗುಂಡಿ ಒತ್ತಿದಾಗ ಎರಡು ದಾರಿ ಉಂಟು. ಒಂದನೆಯದು

ಮಾವ ಕರೆಯುತ್ತಿದ್ದಾರೆ. "ಅಳಿಯಂದಿರೇ, ಒಳಗೆ ಎಂತ ಬರೆಯುವುದು? ನನ್ನ ಕನ್ನಡಕ ಸಿಗುವುದಿಲ್ಲ. ಬನ್ನಿ, ಮೇಲಿನ ಈ ಕಾಗದ ಸ್ವಲ್ಪ ಗಟ್ಟಿಯಾಗಿ ಓದಿ. ಎಲ್ಲರಿಗೂ ಕೇಳಬೇಕು."

ಒಂದನೆಯದು, ಬರೆದವರಿಗೆ ಮಾತ್ರ. ಎರಡನೆಯದು ಏನೆಂದರೆ