ಎರಡು ಹಲ್ಲಿನ ಕಾಲು ಪವನು

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇನ್ನು ಮುಂದೆ ಊನವಿರುವ ನಾಣ್ಯ ಒಂದೇ ಒಂದೂ ಇರಕೂಡದು ಎಂದು ನಾನು ಶಪಥ ಮಾಡಿದ್ದು ಹೋದ ವಸಂತದ ಒಂದು ಶುಕ್ರವಾರ, ಮೂರನೇ ಲೋಟ ಚಹಾಕ್ಕೂ ನಾಲ್ಕನೆಯದಕ್ಕೂ ನಡುವೆ. ಶಪಥಕ್ಕೆ ಸಾಕ್ಷಿ ಒಂದು ಬೆಕ್ಕು. ಅದೂ ಎದ್ದು ಹೊರಗೆ ಹೋಯಿತು.

ನಾನು ತುರ್ಕಿಯ ಕೈಸೇರಿಯವನು. ನಮ್ಮೂರಿನವರ ಬಗ್ಗೆ ಲೋಕದಲ್ಲೊಂದು ಮಾತಿದೆ: ಅಪ್ಪನ ಕತ್ತೆಗೆ ಬಣ್ಣ ಬಳಿದು ಅಪ್ಪನಿಗೇ ಮಾರುವವರು ಎಂದು. ಇದು ಅಪಪ್ರಚಾರ. ಆ ಕತ್ತೆ ನನ್ನ ಕೈಗೆ ಸಿಕ್ಕಿದ್ದರೆ ಬಣ್ಣದ ದುಡ್ಡನ್ನು ಬೇರೆಯಾಗಿ ವಸೂಲು ಮಾಡುತ್ತಿದ್ದೆ! ಸಾಲದ್ದಕ್ಕೆ ಮೂವತ್ತು ವರ್ಷ ಪುರಸಭೆಯಲ್ಲಿ ತೂಕ ಅಳತೆ ತಪಾಸಣೆ ಮಾಡಿದವನು. ನಾನು ಸಂತೆಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವು, ಕಲ್ಲಂಗಡಿಗಳು ಉಸಿರು ಬಿಗಿಹಿಡಿಯುತ್ತಿದ್ದವು.

ನಿವೃತ್ತನಾದ ಮೇಲೆ ಈ ಪ್ರತಿಭೆಯೆಲ್ಲ ನಾಣ್ಯಗಳ ಮೇಲೆ ತಿರುಗಿತು. ಒಂದು ಭೂತಗನ್ನಡಿ, ಔಷಧ ತೂಗುವ ಪುಟ್ಟ ತಕ್ಕಡಿ, ಒಂದು ಆಯಸ್ಕಾಂತ, ಇವಿಷ್ಟು ನನ್ನ ಆಯುಧಗಳು. ಅಂಚು ಸವೆದಿದೆಯೇ, ಕೊಂಡಿಯನ್ನು ಬೆಸೆದು ಕಿತ್ತ ಗುರುತಿದೆಯೇ, ಗೀರಿದೆಯೇ? ಬೆಳ್ಳಿ ನಾಣ್ಯವೊಂದರ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ ಕಂಡಾಗ ಮೂರು ದಿನ ಊಟ ಸೇರಿರಲಿಲ್ಲ. ನನ್ನ ಹೆಂಡತಿ ಸಬಾಹತ್, ಮದುವೆಗೆ ಮುಂಚೆ ತನ್ನನ್ನು ಯಾರೂ ಈ ನಾಣ್ಯ ನೋಡುವಷ್ಟು ಹತ್ತಿರದಿಂದ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿದಳಂತೆ.

ಆ ಶುಕ್ರವಾರ ಅವಳು ಅಡುಗೆಮನೆಯಲ್ಲಿ ಮಾಂತಿ ಮಡಚುತ್ತಿದ್ದಳು. ಒಂದು ಚಮಚದಲ್ಲಿ ನಲವತ್ತು ಕೂರಬೇಕಾದ ಮಾಂಸದ ಕಡುಬು ಅದು. ಹಾಗಾಗಿ ನನಗೆ ಧಾರಾಳವಾಗಿ ಸಮಯವಿತ್ತು. ಪೆಟ್ಟಿಗೆ ತೆಗೆದು ಒಂದೊಂದೇ ನಾಣ್ಯವನ್ನು ವಿಚಾರಣೆಗೆ ಕರೆದೆ. ತಳದಲ್ಲಿ ಕರ್ಚೀಫಿನ ಗಂಟೊಳಗೆ ಸಿಕ್ಕಿಬಿತ್ತು ಅಪರಾಧಿ: ಚಿನ್ನದ ಕಾಲು ಪವನು ನಾಣ್ಯವೊಂದು, ಅಂಚಿನ ಹತ್ತಿರ ನೆಗ್ಗಿದ್ದು. ನೆಗ್ಗಿದ್ದಕ್ಕೆ ಅಂಗಡಿಯವರು ಬೆಲೆ ಮುರಿಯುತ್ತಾರೆ. ಇಂಥದ್ದು ನನ್ನ ಪೆಟ್ಟಿಗೆಯಲ್ಲಿ! ಹೆಂಡತಿಯನ್ನು ಕೇಳಬೇಕೆಂದು ಹೊಳೆಯಲಿಲ್ಲ. ಹೊಳೆದಿದ್ದರೆ ನಿಮಗೆ ಈ ಹೊತ್ತು ಓದಲು ಏನೂ ಇರುತ್ತಿರಲಿಲ್ಲ.

ಪೇಟೆಯಲ್ಲಿ ಚಿನಿವಾರ ಝಿಹ್ನಿಯ ಅಂಗಡಿಗೆ ಹೋಗಿ, ನೆಗ್ಗಿದ್ದನ್ನು ಕೊಟ್ಟು, ಮೇಲಿಷ್ಟು ತುಂಬಿ, ಹೊಸದನ್ನು ಆರಿಸಲು ಕೂತೆ. ಅರವತ್ತಮೂರು ನಾಣ್ಯಗಳನ್ನು ತಿರಸ್ಕರಿಸಿದೆ. ಏಳು ಲೋಟ ಚಹಾ ಖಾಲಿಯಾದವು, ಎಲ್ಲವೂ ಅವನ ಖರ್ಚಿನಲ್ಲಿ.

"ಚಿಕ್ಕಪ್ಪ, ನಾಣ್ಯ ಕೊಳ್ತಿದೀರೋ, ಸೊಸೆ ಹುಡುಕ್ತಿದೀರೋ?" ಎಂದ ಝಿಹ್ನಿ.

ಅರವತ್ತನಾಲ್ಕನೆಯದು ನಿಷ್ಕಳಂಕ! ಟಂಕಸಾಲೆಯಿಂದ ನೇರವಾಗಿ ನನ್ನ ಅಂಗೈಗೆ ಜಿಗಿದಂತಿತ್ತು.

ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ, ಆಲಿವ್ ತಟ್ಟೆಯ ಪಕ್ಕ ಅದನ್ನಿಟ್ಟು ನನ್ನ ಸಾಹಸವನ್ನು ಬಣ್ಣಿಸಿದೆ. ಸಬಾಹತ್ ಕೈ ಒರೆಸಿಕೊಂಡು ನಾಣ್ಯ ತೆಗೆದುಕೊಂಡಳು. ನೋಡಲಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಸವರುತ್ತ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು, ಕತ್ತಲಲ್ಲಿ ಬಾಗಿಲ ಚಿಲಕ ಹುಡುಕುವವರ ಹಾಗೆ. ಆಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟಳು.

"ಇದರಲ್ಲಿ ಏನೂ ಇಲ್ಲ, ರಾಸಿಮ್ ಸಾಹೇಬ್ರೇ."

ಏನೂ ಇಲ್ಲದಿರುವುದೇ ಇದರ ಹೆಚ್ಚುಗಾರಿಕೆ ಎಂದು ವಿವರಿಸಲು ಹೊರಟೆ. ಅವಳು ತಡೆದಳು.

"ಅದು ನಮ್ಮಮ್ಮ ನನ್ನ ಮದುವೇಲಿ ಉಡುಗೊರೆ ಅಂತ ನನ್ನ ಪಟ್ಟಿಗೆ ಚುಚ್ಚಿದ್ದು. ಒಂದು ಕೈಲಿ ಪಿನ್ನು, ಇನ್ನೊಂದು ಕೈಲಿ ನನ್ನ ಸೊಂಟದ ಪಟ್ಟಿ. ಪವನು ಹಲ್ಲಲ್ಲಿ ಕಚ್ಕೊಂಡಿದ್ಲು. ಅಳಬಾರದು ಅಂತ ಹಲ್ಲು ಬಿಗಿಹಿಡಿದ್ಲು. ಅದಕ್ಕೇ ಆ ಗುರುತು, ಮುಂದಿನ ಎರಡು ಹಲ್ಲಿಂದು." ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಅಮ್ಮ ಹೋದ ಮೇಲೆ ಉಳಿದಿರೋದು ಅವಳ ಗುರುತಿನ ಚೀಟೀಲಿರೋ ಒಂದು ಫೋಟೋ. ಅದರಲ್ಲಿ ಬಾಯಿ ಮುಚ್ಕೊಂಡಿದಾಳೆ. ಅವಳು ನಗ್ತಿದ್ದಿದ್ದು ಆ ಎರಡು ಹಲ್ಲಲ್ಲಿ."

ನಾನು ಆಲಿವ್ ಬೀಜ ನುಂಗಿಬಿಟ್ಟೆ.

"ನೀವೂ ಅಲ್ಲೇ ನಿಂತಿದ್ರಿ" ಎಂದಳು.

ನಿಂತಿದ್ದೆ, ನಿಜ. ಈಗ ನೆನಪಾಯಿತು. ಕೈ ಖಾಲಿಯಿಲ್ಲದಿದ್ದರೂ ಚಿನ್ನ ಬಿಡದ ಹೆಂಗಸು, ಅಪ್ಪಟ ಕೈಸೇರಿಯವಳೇ ಸರಿ ಎಂದು ಆ ದಿನ ಮನಸ್ಸಿನಲ್ಲಿ ಮೆಚ್ಚಿಕೊಂಡಿದ್ದೆ!

ಪೇಟೆಗೆ ಓಡಿದೆ. ಅರವತ್ತೇಳು ವರ್ಷದ ಮೊಣಕಾಲುಗಳು ದಾರಿಯುದ್ದಕ್ಕೂ ನನಗೆ ಶಾಪ ಹಾಕಿದವು. ಝಿಹ್ನಿ ತಲೆ ಕೆರೆದುಕೊಂಡ. ಒಂದು ಗಂಟೆ ಹಿಂದಷ್ಟೇ ಹಾಸಿಗೆ ವ್ಯಾಪಾರಿ ದುರ್ಮುಷ್ ಅದನ್ನು ಕಡಿಮೆ ಬೆಲೆಗೆ ಒಯ್ದಿದ್ದ. ತಮ್ಮನ ಮಗನ ಮದುವೆ, ಇವತ್ತೇ ಮಧ್ಯಾಹ್ನ, ರೈಲು ನಿಲ್ದಾಣದ ಹಿಂದಿನ ಸಭಾಂಗಣದಲ್ಲಿ. ವಧುವಿನ ಪಟ್ಟಿಯಲ್ಲಿ ಹತ್ತಾರು ನಾಣ್ಯಗಳ ನಡುವೆ ಚುಚ್ಚಿದ ಮೇಲೆ ನೆಗ್ಗು ಯಾರ ಕಣ್ಣಿಗೆ ಬೀಳುತ್ತದೆ ಎಂದು ನಗುತ್ತ ಹೋದನಂತೆ.

ಕರೆಯದ ಮದುವೆಗೆ ಹೋದೆ. ನಿಷ್ಕಳಂಕ ನಾಣ್ಯಕ್ಕೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಉಡುಗೊರೆಯ ಸಾಲಿನಲ್ಲಿ ನಿಂತೆ. ಮೈಕು ಹಿಡಿದವನೊಬ್ಬ ಪ್ರತಿ ನಾಣ್ಯವನ್ನೂ ಯುದ್ಧ ಗೆದ್ದ ಸುದ್ದಿಯ ಹಾಗೆ ಸಾರುತ್ತಿದ್ದ. ಅದಾಗಲೇ ವಧುವಿನ ಮೇಲೆ ಎಷ್ಟು ಚಿನ್ನವಿತ್ತೆಂದರೆ, ಅವಳು ಅಲ್ಲಾಡಿದರೆ ಕುದುರೆಗಾಡಿ ಬಂದ ಸದ್ದಾಗುತ್ತಿತ್ತು. ನನ್ನ ಸರದಿ ಬಂತು.

"ಚಿಕ್ಕಪ್ಪ, ಹುಡುಗನ ಕಡೆಯವರೋ, ಹುಡುಗಿ ಕಡೆಯವರೋ?" ಎಂದು ಮೈಕಿನವನು ಕೇಳಿದ.

"ನಾಣ್ಯದ ಕಡೆಯವನು" ಎಂದೆ. ಗಾಬರಿಯಲ್ಲಿ ಮನುಷ್ಯ ನಿಜ ಹೇಳಿಬಿಡುತ್ತಾನೆ.

ನನ್ನದನ್ನು ಚುಚ್ಚಿದೆ. ಸಭೆ ಚಪ್ಪಾಳೆ ತಟ್ಟಿತು. ಆದರೆ ನಾನು ಕದಲಲಿಲ್ಲ. ಭೂತಗನ್ನಡಿಯನ್ನು ಕಣ್ಣಿಗೇರಿಸಿ ವಧುವಿನ ಪಟ್ಟಿಯ ಮೇಲೆ ಬಾಗಿದೆ. ಎರಡನೇ ಸಾಲು, ಎಡಗಡೆಯಿಂದ ಐದನೆಯದು! ಪಿನ್ನಿಗೆ ಕೈ ಹಾಕಿದೆ.

"ಚಿಕ್ಕಪ್ಪ ಒಂದು ಕಾಲು ಪವನು ಕೊಟ್ಟಿದಾರೆ," ಮೈಕು ಹೇಳಿತು. ತುಸು ತಡೆದು ಮತ್ತೆ ಹೇಳಿತು: "ಚಿಕ್ಕಪ್ಪ ಒಂದು ಕಾಲು ಪವನು ತೆಗೀತಾ ಇದಾರೆ."

ವರನ ತಾಯಿ ನನ್ನ ಮಣಿಕಟ್ಟು ಹಿಡಿದಳು. ಆ ಹಿಡಿತವನ್ನು ಪುರಸಭೆ ಬಳಸಿಕೊಂಡಿದ್ದರೆ ಊರಿನ ಒಂದು ನಲ್ಲಿಯೂ ಸೋರುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಎಲ್ಲವನ್ನೂ ಹೇಳಿದೆ: ಶಪಥ, ಭೂತಗನ್ನಡಿ, ಅತ್ತೆ, ಅತ್ತೆಯ ಹಲ್ಲು. ಮೈಕು ನನ್ನ ಗಲ್ಲದ ಕೆಳಗೇ ಇತ್ತು. ನಾನೂರು ಜನ ಕೇಳಿಸಿಕೊಂಡರು.

ಆಗ ಹುಡುಗಿ ಕಡೆಯ ಮುದುಕಿಯೊಬ್ಬಳು, ಹಾಗಾದರೆ ನಮ್ಮ ಮಗುವಿಗೆ ಬೆಲೆ ಮುರಿದ ನಾಣ್ಯ ಹಾಕಿದ ಪುಣ್ಯಾತ್ಮ ಯಾರು ಎಂದು ವಿಚಾರಿಸಿದಳು. ಸಭೆಯ ನಾನೂರು ತಲೆಗಳು ದುರ್ಮುಷ್ ಕಡೆ ತಿರುಗಿದವು. ಅವನು ತನ್ನ ಶೂಗಳ ಲೇಸು ಪರೀಕ್ಷಿಸತೊಡಗಿದ. ಎರಡೂ ಕಡೆಯವರು ತೋಳು ಏರಿಸಿದರು. ದುರ್ಮುಷ್ ಕೊಡುತ್ತೇನೆಂದು ಕೊಡದ ಒಂದು ಹಾಸಿಗೆ, ಎರಡು ದಿಂಬಿನ ವಿಷಯವೂ ಮೇಲೆ ಬಂತು.

ಈ ಗಲಾಟೆಯ ನಡುವೆ ವಧು ತಾನೇ ಪಿನ್ನು ಬಿಚ್ಚಿದಳು. ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ತಾಯಿ ಕೆಳಗೆ ಮೊದಲ ಸಾಲಿನಲ್ಲಿ ಬೆಳಗಿನಿಂದ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಹುಡುಗಿ ಒಮ್ಮೆ ಆ ಕಡೆ ನೋಡಿದಳು, ಒಮ್ಮೆ ನಾಣ್ಯ ನೋಡಿದಳು.

"ಒಯ್ಯಿರಿ ಚಿಕ್ಕಪ್ಪ," ಎಂದಳು. "ಇದು ನಂದಲ್ಲ."

ಹೊರಗೆ ಬಂದು, ಬಸ್ಸಿಗೆ ಕಾಯುತ್ತ, ಭೂತಗನ್ನಡಿಯಲ್ಲಿ ಆ ಗುರುತನ್ನು ನೋಡಿದೆ. ಎರಡು ಪುಟ್ಟ ತಗ್ಗು, ನಡುವೆ ಕೂದಲೆಳೆಯಷ್ಟು ಏರು. ಮೂವತ್ತು ವರ್ಷ ಊರಿನ ಪ್ರತಿಯೊಂದು ತೂಕದ ಬಟ್ಟನ್ನೂ ಪರೀಕ್ಷಿಸಿದ ಈ ಕಣ್ಣಿಗೆ, ಒಬ್ಬ ತಾಯಿ ನುಂಗಿದ ಅಳು ಕಾಣಲು ಇಷ್ಟು ದೊಡ್ಡ ಗಾಜು ಬೇಕಾಯಿತು. ಒಂದು ಬಸ್ಸು ಹೊರಟುಹೋಯಿತು. ಹೋಗಲಿ ಎಂದು ಬಿಟ್ಟೆ.

ಮನೆಗೆ ಬಂದಾಗ ಸಬಾಹತ್ ಕಿಟಕಿಯ ಬಳಿ ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ. ನಾಣ್ಯವನ್ನು ಅವಳ ಕೈಗಿಟ್ಟೆ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅಂಚು ಸವರಿದಳು. ಬೆರಳು ಒಂದು ಕಡೆ ನಿಂತಿತು. ಆಮೇಲೆ ಬಹಳ ಹೊತ್ತು ಆ ಕೋಣೆಯಲ್ಲಿ ನಾನಿರಲಿಲ್ಲ. ಅವಳು, ಅವಳ ತಾಯಿ, ಅವರಿಬ್ಬರೇ ಇದ್ದರು. ನಾನು ಗೋಡೆಗೆ ಒರಗಿಸಿಟ್ಟ ಕೊಡೆಯ ಹಾಗೆ ನಿಂತೇ ಇದ್ದೆ.

ಕೊನೆಗೆ ಕಣ್ಣು ತೆರೆದಳು. ನನ್ನ ಬೆವರು, ಗಲಾಟೆಯಲ್ಲಿ ಹರಿದ ಅಂಗಿಯ ತೋಳು, ವರನ ತಾಯಿಯ ಐದು ಬೆರಳು ಮೂಡಿದ ಮಣಿಕಟ್ಟು, ಎಲ್ಲವನ್ನೂ ನಿಧಾನವಾಗಿ ನೋಡಿದಳು.

"ನೀವು ನನ್ನ ನೋಡೋಕೆ ಬಂದು ಹೋದ ದಿನ, ನಾನೂ ಅಮ್ಮಂಗೆ ಹೇಳಿದ್ದೆ" ಎಂದಳು. "ಈ ಗಂಡು ಒಂದು ಕಡೆ ನೆಗ್ಗಿದೆ, ವಾಪಸ್ ಕೊಟ್ಟು ಬೇರೆ ತರೋಣ ಅಂತ."

ಭೂತಗನ್ನಡಿಯನ್ನು ಜೇಬಿಗೆ ಸೇರಿಸಿದೆ. "ಅದಕ್ಕೆ ಅವರೇನಂದ್ರು?"

"'ಎಲ್ಲಾ ಕಡೆ ನೋಡ್ಕೊಂಡು ಬಂದೆ ಮಗಳೇ, ಅಂಗಡೀಲಿ ಉಳಿದಿರೋದು ಇದೊಂದೇ' ಅಂದ್ಲು."